ಅಫಿಲಿಯೇಟ್ ಸೈಟಿಗೆ ಡೊಮೇನ್ ಹೆಸರು ಆರಿಸುವುದು ಹೇಗೆ? ತಾರಸಿ ತೋಟದ ಉದಾಹರಣೆ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಅಫಿಲಿಯೇಟ್ ಸೈಟಿನ ಹೆಸರಿನಲ್ಲಿ ‘ಗ್ರೋ ಬ್ಯಾಗ್’ ಇತ್ತು, ಅಂದರೆ ಗಿಡ ಬೆಳೆಸುವ ಚೀಲ. ಮುಂದೆ ‘ಬೆಸ್ಟ್’, ಕೊನೆಗೆ ‘ಇಂಡಿಯಾ’, ನಡುವೆ ಹೈಫನ್‌ಗಳು ಬೇರೆ. ಆಗ ಅದು ಭಾರೀ ಜಾಣತನ ಅನ್ನಿಸಿತ್ತು. ಜನ ಗೂಗಲ್‌ನಲ್ಲಿ ಟೈಪ್ ಮಾಡುವ ಪದಗಳನ್ನೇ ಹೆಸರಿಗೆ ಹಾಕಿದ್ದೇನೆ, ಇನ್ನೇನು ಬೇಕು ಅಂತ.

ಎಂಟು ತಿಂಗಳು ಕಳೆಯಿತು. ಓದುಗರು ಬೇರೆ ಬೇರೆ ಕೇಳತೊಡಗಿದರು. ಬೇವಿನ ಹಿಂಡಿ ಯಾವುದು ಒಳ್ಳೆಯದು? ಹನಿ ನೀರಾವರಿ ಕಿಟ್ 20 ಕುಂಡಕ್ಕೆ ಸಾಕಾ? ಶೇಡ್ ನೆಟ್ 50 ಪರ್ಸೆಂಟಿನದು ತಗೊಳ್ಳಲಾ, 75 ಪರ್ಸೆಂಟಿನದಾ? ಗ್ರೋ ಬ್ಯಾಗ್ ಅಂತ ಬೋರ್ಡ್ ಹಾಕಿಕೊಂಡು ಇದನ್ನೆಲ್ಲ ಬರೆಯುವುದೆಂದರೆ ಚಪ್ಪಲಿ ಅಂಗಡಿಯಲ್ಲಿ ಮದ್ದೂರು ವಡೆ ಮಾರಿದ ಹಾಗೆ.

ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟವರು ಹಾಸನದ ನನ್ನ ಚಿಕ್ಕಮ್ಮ. ಫೋನಿನಲ್ಲಿ ಸೈಟಿನ ಹೆಸರು ಕೇಳಿದರು. ‘ಬೆಸ್ಟ್, ಆಮೇಲೆ ಒಂದು ಗೆರೆ, ಆಮೇಲೆ ಗ್ರೋ...’ ಅಂತ ಶುರು ಮಾಡಿದೆ. ‘ಗೆರೆ ಅಂದ್ರೆ ಯಾವ ಗೆರೆ ಕಣೋ? ಮಧ್ಯದ್ದಾ, ಕೆಳಗಿನದಾ?’ ಅಂದರು. ‘ಮಧ್ಯದ್ದು ಚಿಕ್ಕಮ್ಮ.’ ‘ಹೋಗ್ಲಿ ಬಿಡು, ವಾಟ್ಸಾಪ್‌ನಲ್ಲಿ ಕಳಿಸು.’ ಕಳಿಸಿದೆ. ಒಂದು ಸಲ ನೋಡಿದರು. ಮತ್ತೆ ಆ ಕಡೆ ಬರಲಿಲ್ಲ. ಹೆಸರು ನೆನಪಿದ್ದರೆ ತಾನೇ ಬರುವುದು.

ಈ ವ್ಯಾಪಾರದಲ್ಲಿ ಹೆಸರು ನೆನಪಿರುವುದಕ್ಕೂ ದುಡ್ಡಿಗೂ ನೇರ ಸಂಬಂಧ ಇದೆ. ಅಫಿಲಿಯೇಟ್ ಅಂದರೆ ಗೊತ್ತಲ್ವಾ? ನಿಮ್ಮ ಸೈಟಿನ ಲಿಂಕ್ ಒತ್ತಿ ಯಾರಾದರೂ ಸಾಮಾನು ಕೊಂಡರೆ ನಿಮಗೆ ಕಮಿಷನ್. ಆದರೆ ಅಮೆಜಾನ್ ಲಿಂಕ್ ಒತ್ತಿದ ಮೇಲೆ 24 ಗಂಟೆಯೊಳಗೆ ಕೊಳ್ಳಬೇಕು, ಇಲ್ಲವೇ ಕಾರ್ಟ್‌ಗಾದರೂ ಹಾಕಿರಬೇಕು. ಅವಧಿ ಮುಗಿದರೆ ಆ ಲಿಂಕಿನ ಲೆಕ್ಕವೂ ಮುಗಿಯಿತು. ನಮ್ಮ ಜನ ಒಂದು ಪೈಪ್ ಕೊಳ್ಳುವುದಕ್ಕೂ ಮನೆಯಲ್ಲಿ ನಾಲ್ಕು ದಿನ ಮಾತಾಡುತ್ತಾರೆ. ನಾಲ್ಕು ದಿನ ಬಿಟ್ಟು ‘ಅದೇನೋ ಸೈಟಿನಲ್ಲಿ ಓದಿದ್ದೆನಲ್ಲ’ ಅಂತ ನಿಮ್ಮ ಹೆಸರನ್ನೇ ಟೈಪ್ ಮಾಡಿ ಬಂದರೆ ಮತ್ತೆ ಲಿಂಕ್ ಒತ್ತುತ್ತಾರೆ. ಹೆಸರು ಮರೆತರೆ ನೇರ ಅಮೆಜಾನ್‌ಗೆ ಹೋಗುತ್ತಾರೆ.

ಹಾಗಾಗಿ ನಾನೀಗ ಹೆಸರನ್ನು ಕಣ್ಣಿನಿಂದ ಆರಿಸುವುದಿಲ್ಲ, ಕಿವಿಯಿಂದ ಆರಿಸುತ್ತೇನೆ. ಕೆಳಗಿನ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ. ಉದಾಹರಣೆಗೆ ತಾರಸಿ ತೋಟದ ಸಾಮಾನುಗಳ ಸೈಟನ್ನೇ ಇಟ್ಟುಕೊಳ್ಳೋಣ. ನಿಮ್ಮದು ಫಿಲ್ಟರ್ ಕಾಫಿಯೋ, ಸೈಕಲ್ಲೋ ಆಗಿದ್ದರೂ ದಾರಿ ಒಂದೇ.

ಹಂತ 1: ಹೆಸರಿಗೆ ಮೊದಲು ಬೇಲಿ ಹಾಕಿ

ಡೊಮೇನ್ ಅಂದರೆ ನಿಮ್ಮ ಸೈಟಿನ ವಿಳಾಸದ ಹೆಸರು. ಅದನ್ನು ಮಾರುವ ಸೈಟನ್ನು ಈಗಲೇ ತೆರೆಯಬೇಡಿ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಮುಂದಿನ ಮೂರು ವರ್ಷ ಬರೆಯಬಹುದಾದ 30 ಲೇಖನಗಳ ತಲೆಬರಹ ಬರೆಯಿರಿ. ಕೊಕೊಪೀಟ್, ಎರೆಗೊಬ್ಬರ, ಸ್ಪ್ರೇಯರ್, ಕತ್ತರಿ, ಬೀಜದ ಟ್ರೇ, ಮಳೆಗಾಲದಲ್ಲಿ ತಾರಸಿ ಸೋರದ ಹಾಗೆ ನೋಡಿಕೊಳ್ಳುವುದು, ಹೀಗೆ. 30 ತುಂಬದಿದ್ದರೆ ವಿಷಯ ತೀರಾ ಚಿಕ್ಕದು. ಹತ್ತು ನಿಮಿಷದಲ್ಲಿ ತುಂಬಿ ಇನ್ನೂ ನೂರು ಬರುವಂತಿದ್ದರೆ ತೀರಾ ದೊಡ್ಡದು.

ಆಮೇಲೆ ಆ 30ನ್ನೂ ಹಿಡಿಸುವ ಪದ ಯಾವುದು ಅಂತ ಯೋಚಿಸಿ. ವಸ್ತುವಿನ ಹೆಸರು ಸಾಮಾನ್ಯವಾಗಿ ಸಾಲುವುದಿಲ್ಲ. ಕೆಲಸದ ಹೆಸರು ಸಾಲುತ್ತದೆ. ‘ಗ್ರೋ ಬ್ಯಾಗ್’ ವಸ್ತು, ‘ತೋಟ’ ಕೆಲಸ. ‘ಮಿಕ್ಸಿ’ ವಸ್ತು, ‘ಅಡುಗೆಮನೆ’ ಜಾಗ. ಇಸವಿಯನ್ನಂತೂ ಹೆಸರಿಗೆ ಸೇರಿಸಲೇಬೇಡಿ. ‘ಬೆಸ್ಟ್ 2024’ ಅಂತ ಹೆಸರಿಟ್ಟ ಸೈಟು ಜನವರಿ ಬಂದ ಕೂಡಲೇ ಹಳೇ ಕ್ಯಾಲೆಂಡರ್ ಆಗುತ್ತದೆ.

ದೊಡ್ಡವರೂ ಇಲ್ಲಿ ಎಡವಿಕೊಂಡೇ ಕಲಿತಿದ್ದಾರೆ. ಅಮೆರಿಕದ ವೈರ್‌ಕಟರ್ ಗೊತ್ತಿರಬಹುದು. ಬ್ರಯಾನ್ ಲ್ಯಾಮ್ 2011ರಲ್ಲಿ ಶುರು ಮಾಡಿದ ವಿಮರ್ಶೆ ಸೈಟು. ಮುಖ್ಯ ಆದಾಯ ಅಫಿಲಿಯೇಟ್ ಲಿಂಕುಗಳಿಂದಲೇ. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು 3 ಕೋಟಿ ಡಾಲರ್‌ಗೂ ಮೇಲೆ ಕೊಟ್ಟು ಕೊಂಡಿತು. ವೈರ್‌ಕಟರ್‌ನಲ್ಲಿ ಗ್ಯಾಜೆಟ್ಟುಗಳು ಮಾತ್ರ ಅಂದುಕೊಂಡು, ಮನೆ ಸಾಮಾನಿಗೆ ಸ್ವೀಟ್‌ಹೋಮ್ ಅಂತ ಬೇರೆ ಸೈಟನ್ನೇ ನಡೆಸುತ್ತಿದ್ದರು. 2017ರಲ್ಲಿ ಎರಡನ್ನೂ ಸೇರಿಸಿ ವೈರ್‌ಕಟರ್ ಅನ್ನುವ ಒಂದೇ ಹೆಸರು ಉಳಿಸಿಕೊಂಡರು. ಉಳಿದದ್ದು ಯಾವ ಹೆಸರು ನೋಡಿ. ತಂತಿ ಕತ್ತರಿಸುವ ಇಕ್ಕಳಕ್ಕೂ ಹಾಸಿಗೆ, ಬಾಣಲೆಗೂ ಏನು ಸಂಬಂಧ? ಏನೂ ಇಲ್ಲ. ಅದಕ್ಕೇ ಅದರೊಳಗೆ ಏನು ಬೇಕಾದರೂ ಹಿಡಿಯಿತು.

ಹಂತ 2: ಕೀವರ್ಡ್ ಆಸೆ ಬಿಡಿ

ಒಂದು ಕಾಲದಲ್ಲಿ ಜನ ಹುಡುಕುವ ಪದವನ್ನೇ, ಅಂದರೆ ಕೀವರ್ಡನ್ನೇ, ಡೊಮೇನ್ ಮಾಡಿಕೊಂಡರೆ ನಿಜಕ್ಕೂ ಲಾಭ ಇತ್ತು. ಒಳಗೆ ಸರಕು ಇಲ್ಲದಿದ್ದರೂ ಮೇಲೆ ಬರುತ್ತಿತ್ತು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಗೂಗಲ್ ಇಂಥ ಕಳಪೆ ಸೈಟುಗಳನ್ನೇ ಗುರಿ ಇಟ್ಟು ಒಂದು ಬದಲಾವಣೆ ತಂದಿತು. ಆಗ ಎಷ್ಟೋ ಸೈಟು ರಾತ್ರೋರಾತ್ರಿ ಕೆಳಗೆ ಹೋದವು. ಈಗ ಗೂಗಲ್‌ನ ಎಸ್‌ಇಒ (ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ಮಾಡುವ ಕೆಲಸ) ಆರಂಭಿಕ ಮಾರ್ಗದರ್ಶಿಯಲ್ಲೇ ಬರೆದಿದೆ: ಡೊಮೇನ್ ಹೆಸರಿನಲ್ಲಿ ಕೀವರ್ಡ್ ಇದ್ದ ಮಾತ್ರಕ್ಕೆ ಹೆಚ್ಚೇನೂ ಆಗುವುದಿಲ್ಲ ಅಂತ.

ಹಾಗಂತ ವಿಷಯದ ಸುಳಿವೇ ಇರಬಾರದು ಅಂತಲ್ಲ. ಒಂದು ಪದ ಸುಳಿವು ಕೊಟ್ಟರೆ ಓದುಗರಿಗೆ ಅನುಕೂಲ. ‘ತೋಟ’ ಅಂತ ಕಂಡರೆ ಗಿಡದ ಸೈಟು ಅಂತ ಗೊತ್ತಾಗುತ್ತದೆ. ಅಷ್ಟು ಸಾಕು. ಮೂರು ನಾಲ್ಕು ಕೀವರ್ಡ್ ಪೋಣಿಸಿದ ಹೆಸರು ನೋಡಿದರೆ ಜನಕ್ಕೇ ಅನುಮಾನ ಬರುತ್ತದೆ. ಕಂಪನಿಯವರಿಗೆ ‘ನಿಮ್ಮ ಸ್ಪ್ರೇಯರ್ ವಿಮರ್ಶೆಗೆ ಕಳಿಸ್ತೀರಾ’ ಅಂತ ನನ್ನ ಗ್ರೋ ಬ್ಯಾಗ್ ಹೆಸರಿನ ಈಮೇಲ್‌ನಿಂದ ಬರೆದೆ. ಒಬ್ಬರೂ ಉತ್ತರ ಕೊಡಲಿಲ್ಲ. ಹೆಸರು ಬದಲಾದ ಮೇಲೆ ಅದೇ ಒಕ್ಕಣೆಗೆ ಉತ್ತರ ಬಂತು.

ಹಂತ 3: 20 ಹೆಸರು ಹೆಣೆಯಿರಿ

ಒಂದೇ ಹೆಸರಿನ ಮೇಲೆ ಮನಸ್ಸು ಇಟ್ಟರೆ ಕಷ್ಟ. ಅದು ಬೇರೆಯವರ ಕೈಯಲ್ಲಿರುತ್ತದೆ, ನೀವು ಗೆರೆ ಸೇರಿಸಿ, ಅಕ್ಷರ ಎರಡು ಸಲ ಬರೆದು ಹೇಗೋ ಅದನ್ನೇ ಕೊಳ್ಳಲು ಹೋಗುತ್ತೀರಿ. 20 ಹೆಸರು ಬರೆದುಕೊಂಡು ಕೂತರೆ ಈ ಹಟ ಬರುವುದಿಲ್ಲ.

ನನ್ನ ದಾರಿ ಇದು. ನಿಮ್ಮ ಕೆಲಸದ ಸುತ್ತ ಇರುವ ಸಾದಾ ಪದಗಳನ್ನು ಒಂದು ಕಡೆ ಬರೆಯುವುದು: ಸಸಿ, ಕುಂಡ, ಪಾತಿ, ಮಡಿ, ಚಿಗುರು, ಮೊಳಕೆ, ಬೇರು, ಗೊಬ್ಬರ. ಇನ್ನೊಂದು ಕಡೆ ಜಾಗ, ಅಳತೆ, ಹೊತ್ತು, ಜನ: ಮಹಡಿ, ಹಿತ್ತಲು, ಹತ್ತು, ಮುಂಜಾನೆ, ಅಜ್ಜಿ. ಎರಡನ್ನೂ ಜೋಡಿಸುತ್ತಾ ಹೋಗುವುದು. ಹತ್ತು ಕುಂಡ. ಮಹಡಿ ಚಿಗುರು. ಅಜ್ಜಿ ಹಿತ್ತಲು. ಇಂಗ್ಲಿಷ್ ಪದ ಬೆರೆತರೂ ತಪ್ಪಿಲ್ಲ, ನಾವು ಮಾತಾಡುವುದೇ ಹಾಗೆ. ‘ಮಹಡಿ ಮಡಿ’ ಅನ್ನುವುದು ನನಗೆ ತುಂಬಾ ಹಿಡಿಸಿತ್ತು. ಪ್ರಾಸ ಇದೆ, ಗಿಡದ ಮಡಿ ಅನ್ನುವ ಅರ್ಥವೂ ಇದೆ. ಮನೆಯಲ್ಲಿ ಹೇಳಿದೆ. ‘ಏನು, ಮಡಿ ಬಟ್ಟೆ ಒಣಗಿಸೋ ಸೈಟಾ?’ ಅಂದರು. ಹೊಡೆದು ಹಾಕಿದೆ.

ಎರಡು ಪದ ಸಾಕು. ಮೂರು ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಜನ ಮರೆಯುತ್ತಾರೆ. ಡೊಮೇನ್ ವ್ಯವಸ್ಥೆಯ ನಿಯಮ 63 ಅಕ್ಷರದವರೆಗೆ ಬಿಡುತ್ತದೆ. ಬಿಡುತ್ತದೆ ಅಂತ ಅಷ್ಟುದ್ದ ಹೋಗಬೇಡಿ. ನನ್ನ ಲೆಕ್ಕದಲ್ಲಿ 14-15 ಅಕ್ಷರ ದಾಟಿದರೆ ಫೋನಿನಲ್ಲಿ ಟೈಪ್ ಮಾಡುವವರು ತಪ್ಪು ಮಾಡಲು ಶುರು ಮಾಡುತ್ತಾರೆ.

ಹಂತ 4: ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕಷ್ಟ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮಗಿರುವ ದೊಡ್ಡ ತೊಂದರೆ ಇದು. ಹೊರಗಿನವರು ಬರೆದ ಮಾರ್ಗದರ್ಶಿಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ.

‘ತಾರಸಿ ತೋಟ’ ತಗೊಳ್ಳಿ. ಎಷ್ಟು ಚೆನ್ನಾಗಿದೆ ಹೆಸರು! ಈಗ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಮೊದಲ ‘ತಾ’ವನ್ನು ಒಬ್ಬರು ಟಿ-ಎ ಅನ್ನುತ್ತಾರೆ, ಇನ್ನೊಬ್ಬರು ಟಿ-ಎ-ಎ, ಮತ್ತೊಬ್ಬರು ಟಿ-ಎಚ್-ಎ, ಕೆಲವರು ಟಿ-ಎಚ್-ಎ-ಎ. ನಾಲ್ಕಾಯಿತು. ‘ತೋ’ದಲ್ಲಿ ಎಚ್ ಇದೆಯೋ ಇಲ್ಲವೋ, ಎರಡು ದಾರಿ. ಇಷ್ಟಕ್ಕೇ ಎಂಟು ಸ್ಪೆಲಿಂಗ್. ನೀವು ಒಂದನ್ನು ಕೊಳ್ಳುತ್ತೀರಿ, ಉಳಿದ ಏಳರಲ್ಲಿ ಜನ ಹುಡುಕುತ್ತಾರೆ.

ದಕ್ಷಿಣದವರು ‘ತ’ಕ್ಕೆ ಎಚ್ ಸೇರಿಸಿ ಬರೆಯುವುದು ಜಾಸ್ತಿ, ‘ಟ’ದಿಂದ ಬೇರೆ ಮಾಡಬೇಕಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟದವರು ಸೇರುವ ‘ಊಟ ಫ್ರಮ್ ಯುವರ್ ತೋಟ’ ಅನ್ನುವ ಮೇಳ ಇದೆ. ಅದರ ಹೆಸರಿನಲ್ಲೂ ತೋಟಕ್ಕೆ ಎಚ್ ಇದೆ, ಊಟಕ್ಕೆ ಇಲ್ಲ. ಕನ್ನಡದವರಿಗೆ ಇದು ಸಹಜ. ಉತ್ತರ ಭಾರತದ ಓದುಗರೂ ಬರಬೇಕು ಅಂದರೆ ಅವರಿಗೆ ಎಚ್ ಇದ್ದರೆ ಅದು ‘ಥೋಟ’.

ಅರ್ಥವೇ ಬದಲಾಗುವ ಪದಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಬಿ-ಎ-ಎಲ್-ಇ ಅಂತ ಬರೆದರೆ ಬಳೆಯೋ, ಬಲೆಯೋ, ಬಾಳೆಯೋ? ಬಳೆ ಅಂಗಡಿಯ ಸೈಟಿಗೆ ಮೀನು ಹಿಡಿಯುವವರು ಬಂದಾರು. ಕಲ್ಲಿನ ಪಾತ್ರೆಗಳ ಬಗ್ಗೆ ಬರೆಯುವವರು ಹೆಸರಿನಲ್ಲಿ ಕೆ-ಎ-ಎಲ್-ಎಲ್-ಯು ಇಟ್ಟರೆ ಕರಾವಳಿಯವರು ಕಳ್ಳು ಅಂತಲೇ ಓದುತ್ತಾರೆ. ‘ಕುಂಡ’ ಅಂತ ನಾವು ಬರೆದದ್ದು ಬೆಳಗಾವಿಯವರಿಗೆ ಕುಂದಾ. ಬಾಯಲ್ಲಿ ನೀರು ಬರುತ್ತದೆ, ಗಿಡ ನೆನಪಿಗೆ ಬರುವುದಿಲ್ಲ.

ಹಾಗಾದರೆ ಏನು ಮಾಡುವುದು? ತ, ದ, ಳ, ಣ, ದೀರ್ಘ ಸ್ವರ, ಮಹಾಪ್ರಾಣ, ಇವು ಕಡಿಮೆ ಇರುವ ಪದ ಆರಿಸಿ. ಚಿಗುರು, ಹಸಿರು, ಮುಗುಳು ನೋಡಿ. ‘ಚಿಗುರು’ವನ್ನು ಹತ್ತು ಜನಕ್ಕೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ‘ಮುಗುಳು’ವಿನಲ್ಲಿ ಳ ಇದ್ದರೂ ಎಲ್ ಬಿಟ್ಟು ಬೇರೆ ಅಕ್ಷರ ಯಾರಿಗೂ ತೋಚುವುದಿಲ್ಲ, ಅಡ್ಡ ಬರುವ ಬೇರೆ ಪದವೂ ಇಲ್ಲ.

ಪರೀಕ್ಷೆ ಸುಲಭ. ವಾಟ್ಸಾಪ್‌ನಲ್ಲಿ ಐದು ಜನಕ್ಕೆ ವಾಯ್ಸ್ ಮೆಸೇಜ್ ಕಳಿಸಿ. ಹೆಸರು ಮಾತ್ರ ಹೇಳಿ, ‘ಇದನ್ನ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಕಳಿಸಿ’ ಅನ್ನಿ. ಒಬ್ಬರು ಮಂಗಳೂರು ಕಡೆಯವರಿರಲಿ, ಒಬ್ಬರು ಧಾರವಾಡ ಕಡೆಯವರು, ಒಬ್ಬರು ಕನ್ನಡ ಬಾರದವರು. ಐದರಲ್ಲಿ ನಾಲ್ಕು ಒಂದೇ ಥರ ಬಂದರೆ ಪಾಸು. ಮೂರು ಬಂದರೆ, ಇನ್ನೊಂದು ಸ್ಪೆಲಿಂಗನ್ನೂ ಕೊಂಡು ಮೊದಲನೆಯದಕ್ಕೆ ತಿರುಗಿಸುವ ಹಾಗಿದ್ದರೆ ಮಾತ್ರ ಮುಂದುವರಿಯಿರಿ. ಅದಕ್ಕಿಂತ ಕಡಿಮೆಯಾದರೆ ಆ ಹೆಸರು ಬಿಟ್ಟುಬಿಡಿ, ಎಷ್ಟೇ ಇಷ್ಟವಾಗಿದ್ದರೂ.

ಕನ್ನಡ ಲಿಪಿಯಲ್ಲೇ ಕೊಂಡರೆ ಈ ರಗಳೆ ಇಲ್ಲವಲ್ಲ ಅಂತ ಕೇಳುತ್ತೀರಿ. ಹೌದು, ‘ಡಾಟ್ ಭಾರತ’ ಕನ್ನಡ ಅಕ್ಷರದಲ್ಲೇ ಇದೆ. ನನಗೂ ಅದರ ಮೇಲೆ ಪ್ರೀತಿ. ಆದರೆ ಒಳಗೆ ಇಂಟರ್ನೆಟ್ ಆ ಹೆಸರನ್ನು ಪ್ಯೂನಿಕೋಡ್ ಅನ್ನುವ ಇಂಗ್ಲಿಷ್ ಅಕ್ಷರದ ಸರಮಾಲೆಯಾಗಿ ಬದಲಿಸಿಕೊಳ್ಳುತ್ತದೆ. ‘ಎಕ್ಸ್ ಎನ್’ ಅಂತ ಶುರುವಾಗಿ ಎರಡು ಗೆರೆ, ಆಮೇಲೆ ಅರ್ಥವಿಲ್ಲದ ಅಕ್ಷರಗಳು. ಕೆಲವು ಕಡೆ ಲಿಂಕ್ ಹಂಚಿದಾಗ ಆ ರೂಪವೇ ಕಾಣುತ್ತದೆ, ನೋಡಿದವರು ಏನೋ ಮೋಸದ ಲಿಂಕ್ ಅಂದುಕೊಳ್ಳುತ್ತಾರೆ. ‘ಫಿಲ್ಟರ್‌ಕಾಫಿ’ಯಂಥ ಪದದಲ್ಲಿ ಇನ್ನೊಂದು ತಾಪತ್ರಯ. ‘ರ್’ ಮತ್ತು ‘ಕಾ’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇದ್ದರೆ ಮಾತ್ರ ಹೀಗೆ ಬಿಡಿಯಾಗಿ ಬರುತ್ತದೆ. ಅದಿಲ್ಲದಿದ್ದರೆ ‘ಫಿಲ್ಟರ್ಕಾಫಿ’ ಅಂತ ಅರ್ಕಾವತ್ತಿನಲ್ಲಿ ಅಂಟಿಕೊಳ್ಳುತ್ತದೆ. ಆ ಗುರುತನ್ನು ಡೊಮೇನ್‌ನಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಕನ್ನಡ ಲಿಪಿಯದನ್ನು ಎರಡನೇ ಹೆಸರಾಗಿ ಇಟ್ಟುಕೊಂಡು ಮುಖ್ಯ ಸೈಟಿಗೆ ತಿರುಗಿಸಿ ಅನ್ನುವುದು ನನ್ನ ಸಲಹೆ.

ಹಂತ 5: ಚಿಕ್ಕಮ್ಮನ ಪರೀಕ್ಷೆ

ಜೆಫ್ ಬೆಜೋಸ್ 1994ರಲ್ಲಿ ಕಂಪನಿ ನೋಂದಾಯಿಸಿದಾಗ ಇಟ್ಟ ಹೆಸರು ಅಮೆಜಾನ್ ಅಲ್ಲ, ಕಡಾಬ್ರಾ. ಮಂತ್ರದ ಮಾತಿನಿಂದ ತೆಗೆದದ್ದು. ಫೋನಿನಲ್ಲಿ ಅವರ ವಕೀಲರಿಗೆ ಅದು ‘ಕಡಾವರ್’ ಅಂತ ಕೇಳಿಸಿತು. ಅಂದರೆ ಹೆಣ. ಹೆಸರು ಬದಲಾಯಿತು. ಕಿವಿಯಲ್ಲಿ ಫೇಲಾದ ಹೆಸರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪರೀಕ್ಷೆ ಹೀಗೆ. ಮನೆಯಲ್ಲಿ ಟಿವಿ ಓಡುತ್ತಿರುವಾಗ ಹಿರಿಯರೊಬ್ಬರಿಗೆ ಫೋನ್ ಮಾಡಿ ಹೆಸರು ಹೇಳಿ. ಒಂದೇ ಸಲ. ಅವರು ತಿರುಗಿ ಸರಿಯಾಗಿ ಹೇಳಬೇಕು. ಮಾರನೇ ದಿನ ‘ನಿನ್ನೆ ಹೇಳಿದ ಹೆಸರು ಏನು?’ ಅಂತ ಕೇಳಿ. ಆಗಲೂ ಹೇಳಬೇಕು. ಹೆಸರಿನಲ್ಲಿ ಗೆರೆ ಇದ್ದರೆ ಇಲ್ಲೇ ಬೀಳುತ್ತದೆ. ಅಂಕಿ ಇದ್ದರೂ ಅಷ್ಟೇ. ‘ಟೆನ್’ ಅಂದರೆ ಅಂಕಿಯಲ್ಲಾ ಅಕ್ಷರದಲ್ಲಾ ಅಂತ ಕೇಳುತ್ತಾರೆ.

ಕಣ್ಣಿಗೂ ಒಂದು ಸಣ್ಣ ಕೆಲಸ ಇದೆ. ಪದಗಳನ್ನು ಕೂಡಿಸಿ, ನಡುವೆ ಜಾಗ ಬಿಡದೆ, ಪೂರ್ತಿ ಸಣ್ಣ ಅಕ್ಷರದಲ್ಲಿ ಬರೆದು ಓದಿ. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಅನ್ನುವ ತಾಂತ್ರಿಕ ಸೈಟಿನವರು ಕೊನೆಗೆ ನಡುವೆ ಹೈಫನ್ ಹಾಕಿಕೊಂಡಿದ್ದು ಯಾಕೆ ಅಂತ ನೀವೇ ಇಂಗ್ಲಿಷ್‌ನಲ್ಲಿ ಕೂಡಿಸಿ ಬರೆದು ನೋಡಿ. ಮಕ್ಕಳು ಪಕ್ಕದಲ್ಲಿ ಇಲ್ಲದಾಗ.

ಹಂತ 6: ಡಾಟ್ ಕಾಮಾ, ಡಾಟ್ ಇನ್ನಾ?

ಇದರ ಬಗ್ಗೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಓದುಗರೆಲ್ಲ ಭಾರತದಲ್ಲೇ ಇದ್ದು ಲಿಂಕುಗಳು ಅಮೆಜಾನ್ ಇಂಡಿಯಾದ್ದಾದರೆ ಡಾಟ್ ಇನ್ ಸೊಗಸಾಗಿ ಸಾಕು. 2005ರಿಂದ ಅದು ಎಲ್ಲರಿಗೂ ಸಿಗುತ್ತಿದೆ, ನಿಕ್ಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಗೂಗಲ್ ಅದನ್ನು ಭಾರತಕ್ಕೆ ಸೇರಿದ ಸೈಟು ಅಂತ ಹಿಡಿಯುತ್ತದೆ. ತಾರಸಿ ತೋಟಕ್ಕೆ ಅದು ಒಳ್ಳೆಯದೇ. ನಿಮ್ಮ ಓದುಗರಲ್ಲಿ ದುಬೈ, ಡಲ್ಲಾಸ್ ಕನ್ನಡಿಗರು ಇದ್ದು ಅಲ್ಲಿನ ಅಂಗಡಿಗಳ ಲಿಂಕೂ ಕೊಡುವ ಆಲೋಚನೆ ಇದ್ದರೆ ಡಾಟ್ ಕಾಮ್ ತಗೊಳ್ಳಿ. ಡಾಟ್ ಇನ್‌ಗೆ ಮಾಲೀಕರ ವಿವರ ಮರೆಮಾಡುವ ಪ್ರೈವೆಸಿ ಸೇವೆ ಸಿಗುವುದಿಲ್ಲ, ನಿಜವಾದ ಹೆಸರು ವಿಳಾಸ ಕೊಡಬೇಕು. ಅದೊಂದು ಗೊತ್ತಿರಲಿ.

ಬೇರೆ ಬಾಲಗಳ ವಿಷಯಕ್ಕೆ ಬಂದರೆ ಓವರ್‌ಸ್ಟಾಕ್ ಕಥೆ ಸಾಕು. ಅಮೆರಿಕದ ಈ ದೊಡ್ಡ ಆನ್‌ಲೈನ್ ಅಂಗಡಿ 2011ರಲ್ಲಿ ‘ಓ ಡಾಟ್ ಕೋ’ ಅಂತ ಹೆಸರು ಹಾಕಿಕೊಂಡು ಜೋರಾಗಿ ಜಾಹೀರಾತು ಕೊಟ್ಟಿತು. ನೋಡಿದ ಜನ ‘ಓ ಡಾಟ್ ಕಾಮ್’ ಅಂತ ಟೈಪ್ ಮಾಡಿದರು. ಕಂಪನಿ ಹಳೇ ಹೆಸರಿಗೇ ಮರಳಬೇಕಾಯಿತು. ಅಷ್ಟು ದುಡ್ಡು ಇದ್ದವರಿಗೇ ಜನರ ಬೆರಳು ತಿರುಗಿಸಲು ಆಗಲಿಲ್ಲ.

ಪುಕ್ಕಟೆ ಡೊಮೇನ್ ಬೇಡವೇ ಬೇಡ. ಡಾಟ್ ಟಿಕೆ ಥರದವನ್ನು ಪುಕ್ಕಟೆ ಕೊಡುತ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು. ಅದರ ಮೇಲೆ ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ ಕೇಸೂ ಹಾಕಿತು, ಮೋಸಗಾರರು ಅಂಥ ಡೊಮೇನ್‌ಗಳನ್ನು ಬಳಸುತ್ತಿದ್ದರು ಅಂತ.

ನೀವು ಡಾಟ್ ಇನ್ ಕೊಳ್ಳುವ ಮುಂಚೆ ಅದೇ ಹೆಸರಿನ ಡಾಟ್ ಕಾಮ್‌ನಲ್ಲಿ ಏನಿದೆ ಅಂತ ತೆರೆದು ನೋಡಿ. ಖಾಲಿ ಇದ್ದರೆ ಸರಿ. ಅದೇ ವಿಷಯದ ಸೈಟು ಇದ್ದರೆ ಬೇಡ, ನಿಮ್ಮ ಓದುಗರು ಅಲ್ಲಿಗೆ ಹೋಗುತ್ತಾರೆ. ಅಸಹ್ಯದ್ದೇನಾದರೂ ಇದ್ದರೆ ಖಂಡಿತ ಬೇಡ.

ಹಂತ 7: ಬೇರೆಯವರ ಬ್ರ್ಯಾಂಡ್ ಮುಟ್ಟಬೇಡಿ

ಅಮೆಜಾನ್ ಅಫಿಲಿಯೇಟ್ ಒಪ್ಪಂದದಲ್ಲೇ ಇದೆ: ಡೊಮೇನ್ ಹೆಸರಿನಲ್ಲಿ ಅಮೆಜಾನ್ ಅನ್ನುವ ಪದವಾಗಲೀ, ಅದರ ಟ್ರೇಡ್‌ಮಾರ್ಕ್‌ಗಳಾಗಲೀ, ಸ್ಪೆಲಿಂಗ್ ತಿರುಚಿದ ರೂಪವಾಗಲೀ ಇರಬಾರದು. ಇದ್ದರೆ ಅಕೌಂಟ್ ಹೋಗಬಹುದು, ಬರಬೇಕಾದ ಕಮಿಷನ್ನೂ ಹೋಗಬಹುದು. ನೀವು ಯಾರ ಸಾಮಾನಿನ ವಿಮರ್ಶೆ ಬರೆಯುತ್ತೀರೋ ಅವರ ಬ್ರ್ಯಾಂಡ್ ಹೆಸರೂ ಬೇಡ. ಲೇಖನದ ಒಳಗೆ ಎಷ್ಟು ಬೇಕಾದರೂ ಬರೆಯಿರಿ, ಬೋರ್ಡಿನಲ್ಲಿ ಬೇಡ.

ಒಂದಕ್ಷರ ಬದಲಿಸಿದರೆ ಸಾಕು ಅನ್ನುವವರು ಬೆಂಗಳೂರಿನ ಒಂದು ಹಳೇ ಕೇಸು ನೋಡಬೇಕು. ಸತ್ಯಂ ಇನ್ಫೋವೇ ಕಂಪನಿಗೆ ‘ಸಿಫಿ’ ಹೆಸರಿನ ಡೊಮೇನ್‌ಗಳಿದ್ದವು. ಬಳಿಕ ಇನ್ನೊಂದು ಕಂಪನಿ ಎಫ್ ಅಕ್ಷರ ಎರಡು ಸಲ ಬರೆದು ‘ಸಿಫ್ಫಿನೆಟ್’ ಅಂತ ಶುರು ಮಾಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಾಜ್ಞೆ ಎತ್ತಿಹಿಡಿಯಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ರಕ್ಷಣೆ ಇದೆ ಅನ್ನುವುದು ನಮ್ಮ ದೇಶದಲ್ಲಿ ಗಟ್ಟಿಯಾಗಿ ನಿಂತದ್ದು ಆ ತೀರ್ಪಿನಿಂದ. ಇಲ್ಲೂ ನೋಡಿ, ಕಣ್ಣಿಗೆ ಎರಡು ಬೇರೆ ಹೆಸರು, ಕಿವಿಗೆ ಒಂದೇ.

ಕೋರ್ಟಿಗೆ ಹೋಗದೆಯೂ ಡೊಮೇನ್ ಕಿತ್ತುಕೊಳ್ಳಬಹುದು. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಅನ್ನುವ ದೂರು ವ್ಯವಸ್ಥೆ ಇದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ದೂರು ಹಾಕಲು 1,500 ಡಾಲರ್ ಶುಲ್ಕ. ದೊಡ್ಡ ಕಂಪನಿಗೆ ಅದು ಚಿಲ್ಲರೆ ದುಡ್ಡು. ನಿಮ್ಮ ಮೂರು ವರ್ಷದ ಬರವಣಿಗೆ ಕೂತಿರುವ ವಿಳಾಸ ಹೋದರೆ ನಿಮಗೆ ಚಿಲ್ಲರೆ ಅಲ್ಲ.

ಮಾಡಬೇಕಾದ್ದು ಇಷ್ಟೇ. ಭಾರತ ಸರ್ಕಾರದ ಟ್ರೇಡ್‌ಮಾರ್ಕ್ ಸರ್ಚ್ ಪುಟದಲ್ಲಿ ನಿಮ್ಮ ಹೆಸರು ಹಾಕಿ ನೋಡಿ. ಪದ ಹೋಲುವುದನ್ನೂ ಉಚ್ಚಾರ ಹೋಲುವುದನ್ನೂ ಬೇರೆ ಬೇರೆಯಾಗಿ ಹುಡುಕಬಹುದು, ಉಚ್ಚಾರದ್ದನ್ನು ಬಿಡಬೇಡಿ. ಆಮೇಲೆ ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ನಲ್ಲೂ ಒಮ್ಮೆ ಹುಡುಕಿ. ಅದೇ ಹೆಸರಿನಲ್ಲಿ ದೊಡ್ಡ ಯೂಟ್ಯೂಬ್ ಚಾನೆಲ್ ಇದ್ದರೆ ನೀವು ಅವರ ನೆರಳಲ್ಲೇ ಇರುತ್ತೀರಿ.

ಹಂತ 8: ಹೆಸರಿಗೆ ಹಿಂದಿನ ಜನ್ಮ ಇದೆಯಾ?

ಖಾಲಿ ಸಿಕ್ಕ ಹೆಸರೆಲ್ಲ ಹೊಸದಲ್ಲ. ಯಾರೋ ಬಳಸಿ ಬಿಟ್ಟಿರಬಹುದು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹೆಸರು ಹಾಕಿದರೆ ಹಿಂದೆ ಅಲ್ಲಿ ಏನಿತ್ತು ಅಂತ ಫೋಟೋ ಆಲ್ಬಮ್ ಥರ ಕಾಣುತ್ತದೆ. ಗಿಡದ ಹೆಸರಿನ ಡೊಮೇನ್‌ನಲ್ಲಿ ಜೂಜಿನ ಪುಟಗಳಿದ್ದದ್ದನ್ನು ನಾನೇ ಕಂಡಿದ್ದೇನೆ. ಅಂಥದ್ದನ್ನು ಬಿಟ್ಟುಬಿಡಿ.

ಹಳೇ ಹೆಸರಿನ ಬಲ ಸಿಗುತ್ತದೆ ಅಂತ ಬೇಕೆಂದೇ ಅವಧಿ ಮುಗಿದ ಡೊಮೇನ್ ಕೊಂಡು, ಸಂಬಂಧವಿಲ್ಲದ ವಿಮರ್ಶೆ ತುಂಬುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇದನ್ನು ಹೆಸರಿಟ್ಟು ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ಆ ಅಡ್ಡದಾರಿ ಈಗ ಗುಂಡಿಗೇ ಹೋಗುತ್ತದೆ.

ಹಂತ 9: ಕೊಳ್ಳುವ ದಿನ

ಡಾಟ್ ಕಾಮ್‌ನ ಸಗಟು ಬೆಲೆ 2024ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಮಾರುವ ಕಂಪನಿಗಳೇ ಡಾಟ್ ಕಾಮ್ ನೋಡಿಕೊಳ್ಳುವ ವೆರಿಸೈನ್‌ಗೆ ಅಷ್ಟು ಕಟ್ಟಬೇಕು. ಹಾಗಿದ್ದೂ 99 ರೂಪಾಯಿಗೆ ಕೊಡುತ್ತೇವೆ ಅಂದರೆ ಮೊದಲ ವರ್ಷ ನಷ್ಟ ಮಾಡಿಕೊಂಡು ನಿಮ್ಮನ್ನು ಹಿಡಿದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಬೋರ್ಡಿನ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ. ‘ಪ್ರೀಮಿಯಂ’ ಅಂತ ಬರೆದಿದ್ದರೆ ಪ್ರತಿ ವರ್ಷವೂ ಆ ಬೆಲೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಡೊಮೇನನ್ನು ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲ್‌ನಲ್ಲಿ, ನಿಮ್ಮ ಕಾರ್ಡಿನಲ್ಲಿ ಕೊಳ್ಳಿ. ಸೈಟು ಮಾಡಿಕೊಡುವ ಹುಡುಗನ ಅಕೌಂಟಿನಲ್ಲಿ ಬೇಡ, ಅವನು ಎಷ್ಟೇ ಒಳ್ಳೆಯವನಾಗಿರಲಿ. ನನ್ನ ಎರಡನೇ ಡೊಮೇನ್ ಹಾಗೆ ಇನ್ನೊಬ್ಬರ ಅಕೌಂಟಿನಲ್ಲಿತ್ತು. ಅವರು ಕೆಲಸ ಬದಲಿಸಿದರು, ನಂಬರ್ ಬದಲಾಯಿತು, ಪಾಸ್‌ವರ್ಡ್ ಅವರಿಗೂ ನೆನಪಿಲ್ಲ. ಅದನ್ನು ಬಿಡಿಸಿಕೊಳ್ಳಲು ಐದು ವಾರ ಹಿಡಿಯಿತು.

ಡಾಟ್ ಕಾಮ್ ಕೊಂಡ ಮೇಲೆ ಈಮೇಲ್ ದೃಢಪಡಿಸಿ ಅಂತ ಒಂದು ಮೆಸೇಜ್ ಬರುತ್ತದೆ. 15 ದಿನದೊಳಗೆ ಒತ್ತದಿದ್ದರೆ ಸೈಟು ನಿಲ್ಲುತ್ತದೆ. ಸ್ಪ್ಯಾಮ್ ಫೋಲ್ಡರ್‌ನಲ್ಲೂ ನೋಡಿ. ಮೊದಲ 60 ದಿನ ಬೇರೆ ಕಂಪನಿಗೆ ವರ್ಗ ಮಾಡಲು ಸಾಮಾನ್ಯವಾಗಿ ಆಗುವುದಿಲ್ಲ, ಹಾಗಾಗಿ ಕಂಪನಿಯನ್ನು ಮೊದಲೇ ನೋಡಿ ಆರಿಸಿ. ಎರಡು ಹಂತದ ಲಾಗಿನ್ ಅವತ್ತೇ ಹಾಕಿಕೊಳ್ಳಿ. ಅದೇ ಹೆಸರಿನ ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಅಕೌಂಟುಗಳನ್ನೂ ಅವತ್ತೇ ಮಾಡಿಡಿ, ಬಳಸದಿದ್ದರೂ ಪರವಾಗಿಲ್ಲ.

ಈಗಾಗಲೇ ತಪ್ಪು ಹೆಸರು ಇಟ್ಟಿದ್ದರೆ

ನನ್ನ ಗ್ರೋ ಬ್ಯಾಗ್ ಸೈಟಿನ ಥರ. ಸೈಟು ಚಿಕ್ಕದಿದ್ದಾಗಲೇ ಬದಲಿಸಿ. ಹಳೇ ಸೈಟಿನ ಪ್ರತಿ ಪುಟವನ್ನೂ ಹೊಸ ಸೈಟಿನ ಅದೇ ಪುಟಕ್ಕೆ 301 (ವಿಳಾಸ ಶಾಶ್ವತವಾಗಿ ಬದಲಾಗಿದೆ ಅನ್ನುವ ಸೂಚನೆ) ಮೂಲಕ ತಿರುಗಿಸಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸಿ. ಅಮೆಜಾನ್ ಅಫಿಲಿಯೇಟ್ ಅಕೌಂಟಿನಲ್ಲೂ ಹೊಸ ಸೈಟಿನ ಹೆಸರು ಸೇರಿಸಲು ಮರೆಯಬೇಡಿ, ಇದನ್ನು ಮರೆಯುವವರೇ ಜಾಸ್ತಿ. ನನಗೆ ಸುಮಾರು ಎರಡು ತಿಂಗಳು ಓದುಗರು ಕಡಿಮೆಯಾದರು. ಆಮೇಲೆ ನಿಧಾನಕ್ಕೆ ಬಂದರು. ಹಳೇ ಡೊಮೇನನ್ನು ಇವತ್ತಿಗೂ ನವೀಕರಿಸುತ್ತಿದ್ದೇನೆ, ಬಿಟ್ಟರೆ ಯಾರೋ ಕೊಂಡು ಏನು ತುಂಬುತ್ತಾರೋ ಗೊತ್ತಿಲ್ಲ.

ಹಂತ 10: ನವೀಕರಣ

ಆಟೋ ರಿನ್ಯೂಯಲ್ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ ಅಂದುಕೊಂಡಿದ್ದೆ. ನಮ್ಮ ದೇಶದಲ್ಲಿ 2021ರ ಅಕ್ಟೋಬರ್‌ನಿಂದ ಕಾರ್ಡಿನಲ್ಲಿ ತಾನಾಗಿ ದುಡ್ಡು ಕಡಿತವಾಗಲು ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ಮೊದಲೇ ಅನುಮತಿ ದಾಖಲಾಗಿರಬೇಕು. ಹೊರದೇಶದ ಕಂಪನಿಯಲ್ಲಿ ಡೊಮೇನ್ ಇದ್ದರೆ ಎಷ್ಟೋ ಸಲ ಕಡಿತ ಆಗುವುದೇ ಇಲ್ಲ. ನನಗೂ ಹಾಗೇ ಆಯಿತು. ಸಿರ್ಸಿಯಲ್ಲಿ ಮದುವೆ ಮನೆಯಲ್ಲಿದ್ದೆ, ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಗೆಳೆಯನೊಬ್ಬ ‘ನಿನ್ನ ಸೈಟು ಬರ್ತಿಲ್ಲವಲ್ಲೋ’ ಅಂತ ಮೆಸೇಜ್ ಹಾಕಿದ.

ಅವಧಿ ಮುಗಿದ ಕೂಡಲೇ ಡಾಟ್ ಕಾಮ್ ಕೈಬಿಟ್ಟು ಹೋಗುವುದಿಲ್ಲ. ಕಂಪನಿಯನ್ನು ನೋಡಿಕೊಂಡು 45 ದಿನದವರೆಗೆ ಮಾಮೂಲಿ ಬೆಲೆಗೆ ಸಿಗಬಹುದು. ಎಲ್ಲ ಕಡೆ ಅಷ್ಟು ದಿನ ಕಾಯುವುದಿಲ್ಲ, ಕೆಲವರು ಅಷ್ಟರೊಳಗೇ ಹರಾಜಿಗೆ ಹಾಕುತ್ತಾರೆ. ಆಮೇಲೆ 30 ದಿನ ದಂಡದ ಜೊತೆ ಬಿಡಿಸಿಕೊಳ್ಳುವ ಅವಕಾಶ. ದಂಡ ಡೊಮೇನ್ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಕೊನೆಗೆ 5 ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಆರನೇ ದಿನ ಯಾರಿಗೆ ಸಿಕ್ಕಿತೋ ಅವರದು. ನಾನು ಮೊದಲ ಹಂತದಲ್ಲೇ ಇದ್ದೆ, ಪಾಯಸ ಬಡಿಸುವಷ್ಟರಲ್ಲಿ ಫೋನಿನಲ್ಲೇ ದುಡ್ಡು ಕಟ್ಟಿದೆ.

ಹಾಗಾಗಿ ಒಟ್ಟಿಗೆ ಮೂರು ವರ್ಷಕ್ಕೆ ಕಟ್ಟಿಬಿಡುತ್ತೇನೆ, ಬೇಕಿದ್ದರೆ 10 ವರ್ಷದವರೆಗೂ ಕಟ್ಟಬಹುದು. ಆಟೋ ರಿನ್ಯೂಯಲ್ ನಂಬುವುದಿಲ್ಲ. ಪ್ರತಿ ವರ್ಷ ಆಯುಧಪೂಜೆ ದಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟ ಮೇಲೆ ಡೊಮೇನ್ ಅಕೌಂಟಿಗೆ ಲಾಗಿನ್ ಆಗಿ ಎಕ್ಸ್‌ಪೈರಿ ತಾರೀಕು ನೋಡಿ, ಈಮೇಲ್ ಮತ್ತು ಫೋನ್ ನಂಬರ್ ಸರಿ ಇದೆಯಾ ಅಂತ ನೋಡಿ, ಆಮೇಲೆ ಎದ್ದು ಸ್ಕೂಟರಿಗೆ ಹೂವು ಹಾಕಲು ಹೋಗುತ್ತೇನೆ.